ಗಣಕಯಂತ್ರದ ಸಂಧಿಕಾರ್ಯ

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿಯಲ್ಲಿ ಯಲಹಂಕವನ್ನು ದಾಟಿ ಮುಂದೆ ಹೋದರೆ ಮೊದಲು ಚಿಕ್ಕಜಾಲ, ಅದರ ಆಚೆಗೆ ದೊಡ್ಡಜಾಲ. ಇದೇ ಸೀಮೆಯಲ್ಲಿ ಚಿಕ್ಕಬೆಟ್ಟಹಳ್ಳಿಗೆ ದೊಡ್ಡಬೆಟ್ಟಹಳ್ಳಿಯೂ, ಚಿಕ್ಕಬೊಮ್ಮಸಂದ್ರಕ್ಕೆ ದೊಡ್ಡಬೊಮ್ಮಸಂದ್ರವೂ ಜೋಡಿಯಾಗಿವೆ. ಇನ್ನೂ ದೂರ ಸಾಗಿದರೆ ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರ. ಹೆಸರಿಟ್ಟ ಹಿರಿಯರ ಕೈಯಲ್ಲಿ ಒಂದು ಅಚ್ಚು ಇದ್ದಿತೆಂದೂ, ಅದರ ಖಾಲಿ ಮನೆಯಲ್ಲಿ ಬೇಕಾದ ಪದವನ್ನು ಕೂರಿಸಿದರೆ ಸಾಕಾಗುತ್ತಿತ್ತೆಂದೂ ತೋರುತ್ತದೆ. ಆದರೆ ಆ ಖಾಲಿ ಮನೆಯಲ್ಲಿ ‘ಊರು’ ಎಂಬ ಪದವನ್ನೇ ಇಟ್ಟು ನೋಡಿ. ‘ಹೊಸ’ ಎಂಬುದರ ಮುಂದೆ ಊರು ಬಂದರೆ ಹೊಸೂರು. ‘ಹಿರಿ’ ಎಂಬುದರ ಮುಂದೆ ಅದೇ ಊರು ಬಂದರೆ ಹಿರಿಯೂರು. ಮೊದಲನೆಯದರಲ್ಲಿ ಅಕಾರ ಲೋಪವಾಯಿತು. ಎರಡನೆಯದರಲ್ಲಿ ಯಕಾರ ಆಗಮವಾಯಿತು. ಹೊಸಊರು, ಹಿರಿಊರು ಎಂದು ಕನ್ನಡಿಗನ ನಾಲಗೆ ಹೊರಳುವುದಿಲ್ಲ. ಎರಡು ಪದಗಳನ್ನು ಅಂಟಿಸುವುದು ಬೇರೆ, ಕೂಡಿಸುವುದು ಬೇರೆ ಎಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಈ ಭೇದವನ್ನು ನಮ್ಮ ಮಕ್ಕಳು ಪ್ರೌಢಶಾಲೆಯ ವ್ಯಾಕರಣಪಾಠದಲ್ಲಿ ಕಲಿಯುತ್ತಾರೆ. ಕಲಿತು, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ನಾಳೆ ಹೆಬ್ಬಾಳದಾಚೆಯ ಮಾನ್ಯತಾ ಟೆಕ್ ಪಾರ್ಕಿನಲ್ಲೋ ಮತ್ತೆಲ್ಲೋ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವವರಿಗೆ ಲೋಪ, ಆಗಮ, ಆದೇಶಗಳಿಂದ ಆಗಬೇಕಾದ್ದೇನು ಎಂಬ ಪ್ರಶ್ನೆ ಹುಡುಗರಿಂದ ಮಾತ್ರವಲ್ಲ, ತಂದೆತಾಯಿಗಳಿಂದಲೂ ಬರುತ್ತದೆ. ಆದರೆ ಗಣಕಯಂತ್ರದ ಭಾಷೆಗಳ ಚರಿತ್ರೆಯನ್ನು ತೆರೆದು ನೋಡಿದರೆ, ಪದಗಳನ್ನು ಅಂಟಿಸಲು ಹೋಗಿ ಕೆಟ್ಟ ಪ್ರಸಂಗಗಳೇ ಅದರಲ್ಲಿ ಒಂದು ದೊಡ್ಡ ಅಧ್ಯಾಯವಾಗಿವೆ. ನಮ್ಮ ವೈಯಾಕರಣರು ಎಂದೋ ಎತ್ತಿಕೊಂಡ ಪ್ರಶ್ನೆಗಳನ್ನೇ ಆ ಯಂತ್ರಭಾಷೆಗಳನ್ನು ಕಟ್ಟಿದವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಎದುರಿಸಬೇಕಾಯಿತು. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದೆ.

ಮೊದಲು ನಮ್ಮ ಮನೆಯ ಮಾತು. ಋಗ್ವೇದಕ್ಕೆ ಸಂಹಿತಾಪಾಠ, ಪದಪಾಠ ಎಂಬ ಎರಡು ಪಾಠಗಳುಂಟು. ಒಂದರಲ್ಲಿ ಪದಗಳು ಸಂಧಿಯಿಂದ ಕೂಡಿಕೊಂಡಿರುತ್ತವೆ, ಇನ್ನೊಂದರಲ್ಲಿ ಬಿಡಿಬಿಡಿಯಾಗಿರುತ್ತವೆ. ಈ ಬಿಡಿಸಿದ ಪಾಠ ಶಾಕಲ್ಯನದೆಂದು ಪ್ರಸಿದ್ಧಿ. ಕೂಡಿಸುವುದೂ ಬಿಡಿಸುವುದೂ ಒಂದೇ ವಿದ್ಯೆಯ ಎರಡು ಮುಖಗಳೆಂಬ ಅರಿವು ಅಷ್ಟು ಹಳೆಯದು. ಅಕ್ಷರಗಳ ಅತ್ಯಂತ ಸಾಮೀಪ್ಯವೇ ಸಂಹಿತೆ ಎಂದು ಪಾಣಿನಿ ಲಕ್ಷಣ ಹೇಳಿದನು. ಕನ್ನಡದಲ್ಲಿ ಸುಮಾರು 1260ರಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಸಂಧಿಯ ಪ್ರಕರಣವನ್ನೇ ಮೊದಲಲ್ಲಿಟ್ಟನು. ನಾಮ, ಸಮಾಸ, ಆಖ್ಯಾತಗಳೆಲ್ಲ ಅದರ ಹಿಂದೆ ಬಂದವು.

ಈ ಪರಂಪರೆಯಿಂದ ಮೂರು ಮಾತುಗಳನ್ನು ನಾವು ಗಂಟುಕಟ್ಟಿಕೊಳ್ಳಬಹುದು. ಮೊದಲನೆಯದು, ಕೂಡಿ ಬಂದದ್ದು ಭಾಷೆಯಲ್ಲಿ ಸಲ್ಲುವ ರೂಪವಾಗಿರಬೇಕು. ಎರಡನೆಯದು, ಕೂಡಿಸುವುದರಿಂದ ಅರ್ಥ ಕೆಡಬಾರದು. ಊರು ಎಂಬುದಕ್ಕೆ ಅಲ್ಲಿ ಸೇರಿದಾಗ ಉಕಾರ ಬಿದ್ದು ಊರಲ್ಲಿ ಎಂದಾಗುತ್ತದೆ, ಅರ್ಥಕ್ಕೆ ಬಾಧೆಯಿಲ್ಲ. ಗುರು ಎಂಬುದಕ್ಕೆ ಅನ್ನು ಸೇರಿದಾಗ ಅದೇ ಲೋಪವನ್ನು ಮಾಡಿದರೆ ಗುರನ್ನು ಎಂದಾಗಿ ಗುರುವೇ ಮಾಯವಾಗುತ್ತಾನೆ. ಆದುದರಿಂದ ಅಲ್ಲಿ ವಕಾರವನ್ನು ತಂದು ಗುರುವನ್ನು ಎನ್ನುತ್ತೇವೆ. ಕೆಲವೆಡೆ ಯಾವ ಸಂಧಿಯೂ ಕೂಡದು. ಅಬ್ಬಾ, ಅದೆಷ್ಟು ಎತ್ತರ ಎನ್ನುವಾಗ ಎರಡು ಸ್ವರಗಳು ಎದುರುಬದುರಾದರೂ ಅವನ್ನು ಇದ್ದಂತೆಯೇ ಬಿಡುತ್ತೇವೆ. ಇದಕ್ಕೆ ಪ್ರಕೃತಿಭಾವವೆಂದು ಹೆಸರು. ಮೂರನೆಯದು ಕ್ರಮದ ಮಾತು. ಯಾವ ಕಾರ್ಯ ಮೊದಲು, ಯಾವುದು ಅನಂತರ ಎಂಬುದು ನಿಶ್ಚಯವಿಲ್ಲದಿದ್ದರೆ ಒಂದೇ ಪದಕ್ಕೆ ಎರಡು ರೂಪಗಳು ಹುಟ್ಟುತ್ತವೆ. ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ಸೂತ್ರಗಳು ಹಿಂದಿನ ಸೂತ್ರಗಳ ಕಣ್ಣಿಗೆ ನಡೆಯದಂತೆಯೇ ಇರತಕ್ಕದ್ದೆಂದು ಪಾಣಿನಿ ಕಟ್ಟುಮಾಡಿದ್ದು ಈ ಗೊಂದಲದ ನಿವಾರಣೆಗಾಗಿಯೇ.

ಇನ್ನು ಯಂತ್ರದ ಕಡೆಗೆ ಬರೋಣ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವವರು ಒಂದೇ ಸಾಲುಗಳನ್ನು ಮತ್ತೆ ಮತ್ತೆ ಬರೆದು ಬೇಸತ್ತು, ಉದ್ದನೆಯ ಬರಹಕ್ಕೆ ಒಂದು ಚಿಕ್ಕ ಹೆಸರನ್ನಿಡುವ ಉಪಾಯವನ್ನು 1950ರ ದಶಕದಲ್ಲೇ ಕಂಡುಕೊಂಡರು. ಆ ಚಿಕ್ಕ ಹೆಸರು ಎಲ್ಲೆಲ್ಲಿ ಕಂಡರೂ ಯಂತ್ರ ಅದರ ಜಾಗದಲ್ಲಿ ಪೂರ್ಣ ಬರಹವನ್ನಿಡುತ್ತದೆ. ಇದಕ್ಕೆ ಮ್ಯಾಕ್ರೋ ಎಂದು ಹೆಸರಾಯಿತು. ಸಂಸ್ಕೃತ ವ್ಯಾಕರಣ ಬಲ್ಲವರಿಗೆ ಇದು ಹೊಸತೇನೂ ಅಲ್ಲ. ಅಚ್ ಎಂದರೆ ಸ್ವರಗಳೆಲ್ಲ, ಹಲ್ ಎಂದರೆ ವ್ಯಂಜನಗಳೆಲ್ಲ ಎಂದು ಪಾಣಿನಿಯ ಪ್ರತ್ಯಾಹಾರಗಳು ಮಾಡುವ ಕೆಲಸವೂ ಇದಕ್ಕೆ ಸಮೀಪವಾದದ್ದೇ. ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕ್ಇಲ್ರಾಯ್ ಅವರು 1960ರಲ್ಲಿ ಮ್ಯಾಕ್ರೋಗಳ ವಿಸ್ತಾರವನ್ನು ಕುರಿತು ಒಂದು ಮುಖ್ಯ ಲೇಖನವನ್ನು ಪ್ರಕಟಿಸಿದರು. ಏಳು ವರ್ಷಗಳ ಅನಂತರ, 1967ರಲ್ಲಿ, ಪೀಟರ್ ಇಂಗರ್ಮನ್ ಎಂಬುವರು ಯಂತ್ರಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಅಲ್ಲಿಯ ವಿದ್ವತ್ ಪತ್ರಿಕೆಯೊಂದಕ್ಕೆ ಬರೆದರು. ಹೆಸರು ಬದಲಾಯಿತೋ ಇಲ್ಲವೋ, ನೆಂಟಸ್ತಿಕೆಯನ್ನು ಹೊರಗಿನವರೂ ಗುರುತಿಸಿದ್ದರೆಂಬುದು ಮುಖ್ಯ.

ಅದೇ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು ಸಿ ಎಂಬ ಭಾಷೆಯನ್ನು ರೂಪಿಸಿದರು. 1972-73ರ ಸುಮಾರಿಗೆ ಅದಕ್ಕೆ ಪ್ರಿಪ್ರೊಸೆಸರು ಸೇರಿತು. ಇದರ ಸ್ವರೂಪವನ್ನು ತಿಳಿಯದೆ ಮುಂದಿನ ಕಥೆ ತಿಳಿಯದು. ಬರೆದ ಕಾರ್ಯಕ್ರಮವನ್ನು ಯಂತ್ರದ ನುಡಿಗೆ ಪರಿವರ್ತಿಸುವ ಪಂಡಿತನಿಗೆ ಕಂಪೈಲರು ಎಂದು ಹೆಸರು. ಆ ಪಂಡಿತನ ಮುಂದೆ ಓಲೆ ಹೋಗುವ ಮೊದಲು ಒಬ್ಬ ಲಿಪಿಕಾರ ಅದನ್ನು ನೋಡುತ್ತಾನೆ. ಮ್ಯಾಕ್ರೋಗಳಿದ್ದಲ್ಲಿ ಅವುಗಳ ವಿಸ್ತಾರವನ್ನು ಬರೆದು ಮುಂದಕ್ಕೆ ಕಳಿಸುತ್ತಾನೆ. ಈ ಲಿಪಿಕಾರನೇ ಪ್ರಿಪ್ರೊಸೆಸರು. ಅವನಿಗೆ ಭಾಷೆಯ ವ್ಯಾಕರಣವಾಗಲಿ ಅರ್ಥವಾಗಲಿ ತಿಳಿಯದು. ಕಂಡದ್ದನ್ನು ಕಂಡಂತೆ ಬದಲಿಸುವುದಷ್ಟೇ ಅವನ ಕೆಲಸ. ಮೊದಲಿಗೆ ಅವನ ಶಕ್ತಿ ಅಲ್ಪವಾಗಿತ್ತು. ಮೈಕ್ ಲೆಸ್ಕ್ ಅವರೂ ಆಮೇಲೆ ಜಾನ್ ರೈಸರ್ ಅವರೂ ಅದನ್ನು ಬೆಳೆಸಿದರು. ಖಾಲಿ ಮನೆಗಳುಳ್ಳ ಮ್ಯಾಕ್ರೋಗಳನ್ನು ಬರೆಯುವುದು ಅದರಿಂದ ಸಾಧ್ಯವಾಯಿತು.

ಖಾಲಿ ಮನೆ ದೊರೆತೊಡನೆ ಅಂಟಿಸುವ ಆಸೆ ಹುಟ್ಟಿತು. ಚಿಕ್ಕ ಎಂಬುದನ್ನು ಹಾಗೆಯೇ ಇಟ್ಟು, ಮುಂದಿನ ಮನೆಯಲ್ಲಿ ಜಾಲ ಬಂದರೆ ಚಿಕ್ಕಜಾಲ, ಬಳ್ಳಾಪುರ ಬಂದರೆ ಚಿಕ್ಕಬಳ್ಳಾಪುರ ಎಂದು ಹೊಸ ಹೆಸರುಗಳನ್ನು ತಾನಾಗಿ ಹುಟ್ಟಿಸಬೇಕೆಂಬ ಆಸೆ ಅದು. ಆದರೆ ಭಾಷೆಯಲ್ಲಿ ಅದಕ್ಕೆ ವಿಧಿಯಿರಲಿಲ್ಲ. ಆಗ ಕಾರ್ಯಕ್ರಮ ಬರೆಯುವವರು ಒಂದು ಕಳ್ಳದಾರಿಯನ್ನು ಹಿಡಿದರು. ಓದುವವರಿಗಾಗಿ ನಡುನಡುವೆ ಬರೆಯುವ ಟಿಪ್ಪಣಿಗಳನ್ನು ರೈಸರ್ ಅವರ ಪ್ರಿಪ್ರೊಸೆಸರು ಜಾಗವನ್ನೂ ಉಳಿಸದೆ ಅಳಿಸಿಬಿಡುತ್ತಿತ್ತು. ಎರಡು ಪದಗಳ ನಡುವೆ ಏನೂ ಬರೆಯದ ಬರಿಯ ಟಿಪ್ಪಣಿಯನ್ನು, ಎಂದರೆ /**/ ಎಂಬ ಗುರುತನ್ನು, ಇಟ್ಟರೆ ಅದು ಅಳಿಸಿಹೋಗಿ ಅತ್ತಿತ್ತಲಿನ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಇದು ಯಾರೂ ವಿಧಿಸಿದ ನಿಯಮವಲ್ಲ. ಒಂದು ಯಂತ್ರದ ಚಾಳಿ. ಮತ್ತೊಂದು ಯಂತ್ರದಲ್ಲಿ ಟಿಪ್ಪಣಿಯ ಜಾಗದಲ್ಲಿ ತೆರಪು ಉಳಿಯುತ್ತಿದ್ದರೆ ಅದೇ ಕಾರ್ಯಕ್ರಮ ಕೆಡುತ್ತಿತ್ತು. ಒಂದೂರಿನ ಆಡುಮಾತನ್ನೇ ವ್ಯಾಕರಣವೆಂದು ನಂಬಿದ ಹಾಗೆ.

ಸಿ ಭಾಷೆಗೆ ಏಕರೂಪದ ಪ್ರಮಾಣವನ್ನು ಗೊತ್ತುಮಾಡಲು 1983ರಲ್ಲಿ ಅಮೆರಿಕದಲ್ಲಿ ಒಂದು ಸಮಿತಿ ಏರ್ಪಟ್ಟಿತು. ಅದರ ಶ್ರಮದ ಫಲವಾಗಿ 1989ರ ಡಿಸೆಂಬರಿನಲ್ಲಿ ಪ್ರಮಾಣ ಅಂಗೀಕೃತವಾಯಿತು. ಟಿಪ್ಪಣಿಯ ಸ್ಥಾನದಲ್ಲಿ ಒಂದು ತೆರಪು ಉಳಿಯಬೇಕೆಂದು ಅದು ವಿಧಿಸಿ ಕಳ್ಳದಾರಿಯನ್ನು ಮುಚ್ಚಿತು. ಅಂಟಿಸಲೇಬೇಕೆನ್ನುವವರಿಗೆ ## ಎಂಬ ಜೋಡಿಗುರುತನ್ನು ರಾಜಮಾರ್ಗವಾಗಿ ಕೊಟ್ಟಿತು. ಈ ಗುರುತು ಎರಡು ಪದಗಳ ನಡುವೆ ಬಂದರೆ ಅವೆರಡೂ ಕೂಡಿ ಒಂದಾಗುತ್ತವೆ. ಇಲ್ಲಿ ಪದವೆಂದರೆ ಯಂತ್ರಭಾಷೆಯ ಅತಿ ಚಿಕ್ಕ ಘಟಕ. ಅದನ್ನು ಟೋಕನು ಎನ್ನುತ್ತಾರೆ. ಒಂದು ಹೆಸರು ಒಂದು ಟೋಕನು, ಒಂದು ಸಂಖ್ಯೆ ಒಂದು ಟೋಕನು, ಕೂಡುವ ಗುರುತು ಒಂದು ಟೋಕನು, ಚುಕ್ಕಿಯೂ ಒಂದು ಟೋಕನು. ಗುರುತಿನ ಜೊತೆಗೇ ಒಂದು ಕಟ್ಟಳೆಯೂ ಬಂದಿತು. ಅಂಟಿಸಿ ಬಂದದ್ದು ಭಾಷೆಯಲ್ಲಿ ಸಲ್ಲುವ ಒಂದೇ ಒಂದು ಟೋಕನು ಆಗಿರಬೇಕು. ಆಗದಿದ್ದರೆ ಮುಂದೆ ಏನಾಗುವುದೆಂಬುದಕ್ಕೆ ಪ್ರಮಾಣ ಹೊಣೆಯಲ್ಲ. ನಾವು ಗಂಟುಕಟ್ಟಿಕೊಂಡ ಮೊದಲನೆಯ ಮಾತು ಇದೇ ಅಲ್ಲವೆ?

ಈ ನಡುವೆ ಅದೇ ಪ್ರಯೋಗಾಲಯದಲ್ಲಿ ಡೆನ್ಮಾರ್ಕಿನ ಬಿಯಾರ್ನೆ ಸ್ಟ್ರೌಸ್ಟ್ರುಪ್ ಅವರು 1979ರಲ್ಲಿ ತೊಡಗಿದ ಕೆಲಸ 1983ರ ಹೊತ್ತಿಗೆ ಸಿ ಪ್ಲಸ್ ಪ್ಲಸ್ ಎಂಬ ಹೆಸರನ್ನು ಪಡೆದಿತ್ತು. ಆ ಭಾಷೆಗೆ ಒಂದು ಕೊರತೆ ಬೇಗನೆ ಕಾಣಿಸಿತು. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ರಾಗಿಯ ಕಣಜ ಬೇಕು, ಭತ್ತದ ಕಣಜ ಬೇಕು, ಹುರುಳಿಯ ಕಣಜ ಬೇಕು. ಕಣಜದ ಕಟ್ಟಡ ಒಂದೇ, ಒಳಗಿನ ಧಾನ್ಯ ಮಾತ್ರ ಬೇರೆ. ಪ್ರತಿಯೊಂದು ಧಾನ್ಯಕ್ಕೂ ಕಣಜದ ವಿವರಣೆಯನ್ನು ಹೊಸದಾಗಿ ಬರೆಯುವುದು ವ್ಯರ್ಥ ಶ್ರಮ. ಭಾಷೆಯಲ್ಲಿ ಬೇರೆ ಉಪಾಯವಿಲ್ಲದಿದ್ದುದರಿಂದ ಆರಂಭದಲ್ಲಿ ಮ್ಯಾಕ್ರೋಗಳನ್ನೇ ನೆಚ್ಚಬೇಕಾಯಿತು. ಜನರಿಕ್ ಎಂಬ ಒಂದು ಕಡತದಲ್ಲಿ ಎರಡು ಹೆಸರುಗಳನ್ನು ಅಂಟಿಸುವ ಮ್ಯಾಕ್ರೋ ಒಂದಿತ್ತು. ವೆಕ್ಟರ್ ಎಂಬ ಸಾಲಿನ ಹೆಸರಿಗೂ, ಪೂರ್ಣಸಂಖ್ಯೆಯ ಹೆಸರಾದ ಇಂಟ್ ಎಂಬುದಕ್ಕೂ ಅದು ಗಂಟುಹಾಕಿ ವೆಕ್ಟರ್‌ಇಂಟ್ ಎಂಬ ಹೊಸ ಹೆಸರನ್ನು ಹುಟ್ಟಿಸುತ್ತಿತ್ತು. ಕಣಜ, ರಾಗಿ ಸೇರಿ ಕಣಜರಾಗಿ ಆದಂತೆ.

ಧಾನ್ಯದ ಹೆಸರು ಒಂದೇ ಪದವಾಗಿದ್ದಷ್ಟು ಕಾಲ ಇದು ನಡೆಯಿತು. ಆದರೆ ಯಂತ್ರಭಾಷೆಯಲ್ಲಿ ಎಲ್ಲ ಜಾತಿಗಳ ಹೆಸರೂ ಒಂದೇ ಪದವಲ್ಲ. ಅಕ್ಷರಗಳಿರುವ ಸ್ಥಾನವನ್ನು ಸೂಚಿಸಲು ಚಾರ್ ಎಂಬ ಹೆಸರಿನ ಮುಂದೆ * ಎಂಬ ನಕ್ಷತ್ರವನ್ನು ಬರೆಯುತ್ತಾರೆ. ಅದು ಎರಡು ಟೋಕನು. ಅದನ್ನು ಅಂಟಿಸಿದಾಗ ವೆಕ್ಟರಿಗೆ ಚಾರ್ ಮಾತ್ರ ಅಂಟಿ, ನಕ್ಷತ್ರ ಹೊರಗೆ ಅನಾಥವಾಗಿ ನಿಂತಿತು. ಕಂಪೈಲರು ಹೆಸರಿರಬೇಕಾದ ಕಡೆ ನಕ್ಷತ್ರವನ್ನು ಕಂಡು ದೋಷವೆಂದು ಕೂಗಿತು. ಮುಂದಿನ ಕಾಲದಲ್ಲಿ ಮನೆತನದ ಹೆಸರನ್ನೂ ಹೊತ್ತ ಹೆಸರುಗಳು ಬಂದವು. ಪದಮಾಲೆಯ ಜಾತಿಯನ್ನು ಎಸ್‌ಟಿಡಿ::ಸ್ಟ್ರಿಂಗ್ ಎಂದು ಬರೆಯಬೇಕು; ಮನೆತನದ ಹೆಸರು, ಎರಡು ಜೋಡಿ ಚುಕ್ಕಿ, ಸ್ವಂತ ಹೆಸರು ಎಂದು ಮೂರು ಟೋಕನುಗಳು. ಕಣಜಕ್ಕೆ ಅದನ್ನು ## ಗುರುತಿನಿಂದ ಅಂಟಿಸಿದರೆ ಮನೆತನದ ಹೆಸರು ಮಾತ್ರ ಕಣಜಕ್ಕೆ ಹತ್ತಿಕೊಂಡು, ಕಣಜಎಸ್‌ಟಿಡಿ ಎಂಬ ಇಲ್ಲದ ಮನೆತನವೊಂದು ಹುಟ್ಟುತ್ತದೆ. ಕಂಪೈಲರು ಆ ಇಲ್ಲದ ಮನೆತನವನ್ನು ಹುಡುಕಿ ಸೋಲುತ್ತದೆ. ಬರೆದವನಿಗೆ ಕಾಣುವ ದೋಷಸಂದೇಶದಲ್ಲಿ ಅವನು ಎಂದೂ ಬರೆಯದ ಹೆಸರಿರುತ್ತದೆ. ಇಂಥ ದೋಷವನ್ನು ಹುಡುಕುವುದು ಕಷ್ಟವಾಗುವುದು ಈ ಕಾರಣದಿಂದಲೇ.

ಈ ಪಾಡನ್ನು ಕಂಡು ಸ್ಟ್ರೌಸ್ಟ್ರುಪ್ ಅವರು 1988ರ ಅಕ್ಟೋಬರಿನಲ್ಲಿ ಡೆನ್ವರಿನಲ್ಲಿ ಸೇರಿದ ಸಮ್ಮೇಳನದಲ್ಲಿ ಹೊಸ ವಿಧಾನವೊಂದನ್ನು ಮಂಡಿಸಿದರು. ಅದೇ ಟೆಂಪ್ಲೇಟು. 1990ರ ಕೈಪಿಡಿಯಲ್ಲಿ ಅದರ ವಿವರಣೆ ಅಚ್ಚಾಯಿತು. 1991ರಲ್ಲಿ ಅದು ಬಳಕೆಗೆ ಬಂದಿತು. 1998ರ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ನೆಲೆಗೊಂಡಿತು. ಟೆಂಪ್ಲೇಟಿನಲ್ಲಿ ಕಣಜ<ರಾಗಿ> ಎಂದು ಕೋನಕಂಸದೊಳಗೆ ಧಾನ್ಯದ ಹೆಸರನ್ನಿಡುತ್ತಾರೆ. ಇಲ್ಲಿ ಯಾವುದಕ್ಕೆ ಯಾವುದೂ ಅಂಟುವುದಿಲ್ಲ. ಲಿಪಿಕಾರನ ಕೈಯಿಂದ ಈ ಕೆಲಸವನ್ನು ತೆಗೆದು, ಭಾಷೆ ಬಲ್ಲ ಪಂಡಿತನಿಗೇ ಒಪ್ಪಿಸಲಾಯಿತು. ರಾಗಿ ಎಂಬುದು ಒಂದು ಜಾತಿಯ ಹೆಸರು, ಕಣಜ ಎಂಬುದು ಅದನ್ನು ಬೇಡುವ ಅಚ್ಚು ಎಂಬ ಅರಿವು ಕಂಪೈಲರಿಗುಂಟು. ಒಳಗಿನ ಹೆಸರಿಗೆ ಒಂದು ಟೋಕನು ಇರಲಿ, ಮೂರಿರಲಿ, ನಕ್ಷತ್ರವಿರಲಿ, ಚುಕ್ಕಿಯಿರಲಿ, ಬಾಧೆಯಿಲ್ಲ. ಅಕ್ಷರಗಳ ಜೋಡಣೆಯಿಂದ ಅರ್ಥದ ಜೋಡಣೆಗೆ ಬಂದ ಹೆಜ್ಜೆಯಿದು. ಈ ಚರಿತ್ರೆಯಲ್ಲಿ ಇದೇ ಪ್ರಧಾನ ಘಟನೆಯೆಂದು ನನಗೆ ತೋರುತ್ತದೆ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಟೆಂಪ್ಲೇಟು ಬಂದರೂ ಮ್ಯಾಕ್ರೋ ಹೋಗಲಿಲ್ಲ. ಒಂದೇ ಬಗೆಯ ಹತ್ತಾರು ಟೆಂಪ್ಲೇಟುಗಳನ್ನು ಬರೆಯುವ ಶ್ರಮವನ್ನು ಉಳಿಸಲು ಜನ ಮತ್ತೆ ಮ್ಯಾಕ್ರೋವನ್ನೇ ಕರೆದರು. ಹಳೆಯ ಅಭ್ಯಾಸದಿಂದ ಕಣಜ<##ಧಾನ್ಯ##> ಎಂದು ಬರೆದವರು ಅನೇಕರು. ಖಾಲಿ ಮನೆಯ ಅತ್ತಿತ್ತ ಅಂಟನ್ನು ಹಚ್ಚದಿದ್ದರೆ ಪದ ಕೂರುವುದಿಲ್ಲವೆಂಬ ಭ್ರಾಂತಿ ಅವರದು. ಈಗ ಪ್ರಿಪ್ರೊಸೆಸರು ಏನು ಮಾಡಬೇಕು? ಕೋನಕಂಸವನ್ನೂ ರಾಗಿಯನ್ನೂ ಅಂಟಿಸಬೇಕು. ಅಂಟಿಸಿದರೆ <ರಾಗಿ ಎಂಬ ಒಂದು ತುಂಡು ಬರುತ್ತದೆ. ಅಂಥ ಟೋಕನು ಭಾಷೆಯಲ್ಲಿಲ್ಲ. ಹೆಸರೂ ಅಲ್ಲ, ಸಂಖ್ಯೆಯೂ ಅಲ್ಲ, ಗುರುತೂ ಅಲ್ಲ. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರು ಇದನ್ನು ನೋಡಿದೊಡನೆ, ಇವೆರಡನ್ನು ಅಂಟಿಸಿದರೆ ಸಲ್ಲುವ ಟೋಕನು ಸಿಗದೆಂದು ಹೇಳಿ ಕೆಲಸ ನಿಲ್ಲಿಸುತ್ತದೆ. ವಸ್ತುವಿನ ಹೆಸರು, ಚುಕ್ಕಿ, ಕಾರ್ಯದ ಹೆಸರು ಎಂಬ ಕ್ರಮದಲ್ಲಿ ಚುಕ್ಕಿಯ ಮುಂದೆ ## ಬರೆದವರಿಗೂ ಇದೇ ಗತಿ.

ವಿಚಿತ್ರವೇನೆಂದರೆ, ಈ ದೋಷವುಳ್ಳ ಬರಹವೇ ಮೈಕ್ರೋಸಾಫ್ಟಿನ ಕಂಪೈಲರಿನಲ್ಲಿ ಬಹುಕಾಲ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಅದರ ಹಳೆಯ ಪ್ರಿಪ್ರೊಸೆಸರು ಟೋಕನುಗಳನ್ನು ಗಣಿಸದೆ ಅಕ್ಷರಗಳ ಸಾಲನ್ನಷ್ಟೇ ನೋಡುತ್ತಿತ್ತು; ಅಂಟಿಸಿದ ಸಾಲನ್ನು ಮುಂದಿನವರು ಮತ್ತೆ ಬಿಡಿಸಿ ಓದುತ್ತಿದ್ದುದರಿಂದ ತಪ್ಪು ಮುಚ್ಚಿಹೋಗುತ್ತಿತ್ತು. ವಿಂಡೋಸಿನಲ್ಲಿ ವರ್ಷಗಟ್ಟಲೆ ನಡೆದ ಕಾರ್ಯಕ್ರಮವನ್ನು ಲಿನಕ್ಸಿಗೆ ಒಯ್ದ ದಿನ ಸಾಲುಸಾಲಾಗಿ ದೋಷಗಳು ಎದ್ದುನಿಲ್ಲುತ್ತಿದ್ದುದರ ಗುಟ್ಟು ಇದೇ. ಬರೆದವನು ಹೊಸ ಯಂತ್ರವನ್ನು ದೂರುತ್ತಿದ್ದನು. ನಿಜವಾಗಿ ಹಳೆಯ ಯಂತ್ರ ಅವನ ತಪ್ಪನ್ನು ತಿದ್ದದೆ ಸಲಹಿದ್ದಿತು. ಮೈಕ್ರೋಸಾಫ್ಟಿನವರು 2018ರಲ್ಲಿ ಪ್ರಮಾಣಕ್ಕೆ ಒಪ್ಪುವ ಹೊಸ ಪ್ರಿಪ್ರೊಸೆಸರನ್ನು ಪ್ರಯೋಗಕ್ಕೆ ಬಿಟ್ಟು, 2020ರಲ್ಲಿ ಅದನ್ನು ಪೂರ್ಣಗೊಳಿಸಿದರು. ಬೇಕಾದವರು ಅದನ್ನು ಆರಿಸಿಕೊಳ್ಳಬಹುದು. ಅದು ಈಗ ಇಂಥ ಅಂಟನ್ನು ಕಂಡರೆ ಎಚ್ಚರಿಸುತ್ತದೆ. 1989ರ ಕಟ್ಟಳೆ ಎಲ್ಲರ ಮನೆಗೂ ಮುಟ್ಟಲು ಮೂವತ್ತು ವರ್ಷಗಳಿಗೂ ಮೇಲೆ ಹಿಡಿಯಿತು.

ಇದಕ್ಕೆ ಪರಿಹಾರವೆಷ್ಟು ಸುಲಭವೆಂದು ಕೇಳಿದರೆ ಆಶ್ಚರ್ಯವಾಗುತ್ತದೆ. ## ಗುರುತನ್ನು ಅಳಿಸಿಬಿಟ್ಟರೆ ಸಾಕು. ಕಣಜ<ಧಾನ್ಯ> ಎಂದಷ್ಟೇ ಬರೆದರೆ ಧಾನ್ಯದ ಜಾಗದಲ್ಲಿ ರಾಗಿ ಬಂದು ಕೂರುತ್ತದೆ, ಏಕೆಂದರೆ ಕೋನಕಂಸವೂ ರಾಗಿಯೂ ಬೇರೆ ಬೇರೆ ಟೋಕನುಗಳು. ಅವು ಪಕ್ಕಪಕ್ಕದಲ್ಲಿದ್ದರೆ ಸಾಕು, ಒಂದಾಗಬೇಕಾಗಿಲ್ಲ. ಪ್ರಕೃತಿಭಾವವನ್ನು ಬಲ್ಲ ವಿದ್ಯಾರ್ಥಿಗೆ ಇದು ಕ್ಷಣಮಾತ್ರದಲ್ಲಿ ಹೊಳೆಯತಕ್ಕ ವಿಷಯ. ಸಂಧಿ ಬೇಡದ ಕಡೆ ಸಂಧಿ ಮಾಡುವುದೂ ದೋಷವೇ.

ಇದೇ ಜಾತಿಯ ಇನ್ನೆರಡು ತೊಡಕುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂದು, ಅಲ್ಪವಿರಾಮದ್ದು. ಒಂದು ಕಣಜಕ್ಕೆ ಎರಡು ಧಾನ್ಯಗಳ ಹೆಸರನ್ನು ಕೊಡಬೇಕಾದಾಗ <ರಾಗಿ, ಭತ್ತ> ಎಂದು ಬರೆಯುತ್ತಾರೆ. ಇದನ್ನು ಮ್ಯಾಕ್ರೋವಿನ ಮನೆಯಲ್ಲಿಟ್ಟರೆ, ಕೋನಕಂಸದ ಮರ್ಯಾದೆಯನ್ನು ಅರಿಯದ ಲಿಪಿಕಾರ ಅಲ್ಪವಿರಾಮದಲ್ಲಿ ಕತ್ತರಿಸಿ ಎರಡು ತುಂಡು ಮಾಡುತ್ತಾನೆ. ದುಂಡು ಆವರಣವನ್ನು ಮಾತ್ರ ಅವನು ಬಲ್ಲ. ಇನ್ನೊಂದು, ತಾನಾಗಿ ಅಂಟಿಕೊಳ್ಳುವ ದೋಷ. ಕಣಜದೊಳಗೆ ಕಣಜವಿದ್ದರೆ ಕೊನೆಯಲ್ಲಿ ಎರಡು ಮುಚ್ಚುವ ಕೋನಕಂಸಗಳು >> ಎಂದು ಜೊತೆಯಾಗಿ ಬರುತ್ತವೆ. ಓದುವಾಗ ಆದಷ್ಟು ಉದ್ದದ ಟೋಕನನ್ನು ಹಿಡಿಯುವುದು ಯಂತ್ರದ ಪದ್ಧತಿ. ಆದುದರಿಂದ ಅದು ಅವೆರಡನ್ನೂ ಸೇರಿಸಿ ಬೇರೊಂದೇ ಗಣಿತಚಿಹ್ನೆಯೆಂದು ತಿಳಿಯುತ್ತಿತ್ತು. ನಡುವೆ ತೆರಪು ಬಿಡಲೇಬೇಕೆಂದು ಶಿಷ್ಯರಿಗೆ ಹೇಳಿಕೊಡುತ್ತಿದ್ದ ಕಾಲವಿತ್ತು. 2011ರ ಪ್ರಮಾಣ ಈ ತೊಂದರೆಯನ್ನು ನಿವಾರಿಸಿತು. ಟೆಂಪ್ಲೇಟಿನ ಒಳಗಿದ್ದೇವೆಂಬ ಸಂದರ್ಭಜ್ಞಾನದಿಂದ ಕಂಪೈಲರು ಈಗ ಅವನ್ನು ಬಿಡಿಸಿ ಓದುತ್ತದೆ. ಪದಪಾಠದ ಕೆಲಸವೇ ಇದು.

ಮೂರನೆಯ ಮಾತಾದ ಕ್ರಮವನ್ನು ಇನ್ನೂ ಹೇಳಿಲ್ಲ. ಬರಹದ ಸಾಲಿನ ಸಂಖ್ಯೆಯನ್ನು ಕೊಡುವ ಲೈನ್ ಎಂಬ ಸಿದ್ಧ ಮ್ಯಾಕ್ರೋ ಒಂದುಂಟು. ಪ್ರತಿ ಸಾಲಿನಲ್ಲಿಯೂ ಬೇರೆ ಹೆಸರು ಹುಟ್ಟಲೆಂದು, ಬೀಗ ಎಂಬ ಪದಕ್ಕೆ ಅದನ್ನು ಅಂಟಿಸಲು ಹೊರಟವನು ನೂರನೆಯ ಸಾಲಿನಲ್ಲಿ ಬೀಗ100 ಎಂಬ ಹೆಸರನ್ನು ಬಯಸುತ್ತಾನೆ. ಅವನಿಗೆ ದೊರೆಯುವುದು ಬೀಗಲೈನ್ ಎಂಬ ಹೆಸರು. ಸಾಲು ಯಾವುದಾದರೂ ಅದೇ ಹೆಸರು. ಎರಡನೆಯ ಬಾರಿಗೆ ಅದು ಪುನರುಕ್ತಿಯಾಗಿ ದೋಷ ಹುಟ್ಟುತ್ತದೆ. ಕಾರಣವಿಷ್ಟೆ: ## ಗುರುತಿನ ಪಕ್ಕದಲ್ಲಿರುವ ಪದವನ್ನು ಮೊದಲು ವಿಸ್ತರಿಸಕೂಡದು, ಇದ್ದಂತೆಯೇ ಅಂಟಿಸಬೇಕೆಂಬುದು ಪ್ರಮಾಣದ ವಿಧಿ. ವಿಸ್ತಾರ ಮೊದಲು, ಅಂಟು ಅನಂತರ ಎಂದು ಬೇಕಾದವರು ಎರಡು ಮೆಟ್ಟಿಲು ಕಟ್ಟಬೇಕು. ಮೇಲಿನ ಮ್ಯಾಕ್ರೋ ಪದವನ್ನು ವಿಸ್ತರಿಸಿ ಕೆಳಗಿನದಕ್ಕೆ ಒಪ್ಪಿಸುತ್ತದೆ, ಕೆಳಗಿನದು ಅಂಟಿಸುತ್ತದೆ. ಒಂದೇ ಮ್ಯಾಕ್ರೋವಿನಲ್ಲಿ ## ಗುರುತು ಎರಡು ಮೂರು ಕಡೆ ಬಂದರೆ ಯಾವುದು ಮೊದಲೆಂಬುದನ್ನು ಪ್ರಮಾಣ ಇಂದಿಗೂ ಗೊತ್ತುಮಾಡಿಲ್ಲ. ಪಾಣಿನಿಯಾದರೋ ತನ್ನ ಸೂತ್ರಗಳಿಗೆ ಇಂಥ ಅನಿಶ್ಚಯ ಉಳಿಯದಂತೆ ಶ್ರಮಿಸಿದನು.

ಇದೆಲ್ಲ ದೂರದೇಶದ ಯಂತ್ರಭಾಷೆಯ ಮಾತಾಯಿತು, ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ತಮ್ಮ ಕೈಫೋನಿನ ಪರದೆಯನ್ನು ಕನ್ನಡಕ್ಕೆ ತಿರುಗಿಸಿ ನೋಡಬೇಕು. ಅಲ್ಲಿ ಸಂದೇಶಗಳಿಗೆ ಒಂದು ಅಚ್ಚಿರುತ್ತದೆ: ಖಾಲಿ ಮನೆ, ಅದರ ಮುಂದೆ ‘ಅನ್ನು ಅಳಿಸಲೆ?’ ಎಂಬ ಮಾತು. ಮನೆಯಲ್ಲಿ ಯಾವ ಹೆಸರು ಬಂದರೂ ಯಂತ್ರ ಅದನ್ನು ಹಾಗೆಯೇ ಇಡುತ್ತದೆ. ಆದುದರಿಂದ ‘ಚಿತ್ರ ಅನ್ನು’, ‘ಕಡತ ಅನ್ನು’, ‘ಸೀತೆ ಅನ್ನು’ ಎಂಬ ರೂಪಗಳು ಕಾಣುತ್ತವೆ. ಇಂಗ್ಲಿಷಿನಲ್ಲಿ ನಾಮಪದ ವಿಭಕ್ತಿಗಾಗಿ ಹೀಗೆ ರೂಪ ಬದಲಿಸುವುದಿಲ್ಲವಾದ್ದರಿಂದ ಆ ಅಚ್ಚು ಅಲ್ಲಿ ನಡೆಯುತ್ತದೆ. ನಮ್ಮಲ್ಲಿ ರಾಮನನ್ನು, ಸೀತೆಯನ್ನು, ಗುರುವನ್ನು, ಊರನ್ನು ಎಂದು ಒಂದೊಂದಕ್ಕೂ ಒಂದೊಂದು ಬಗೆ. ಒಂದರಲ್ಲಿ ನಕಾರ, ಒಂದರಲ್ಲಿ ಯಕಾರ, ಒಂದರಲ್ಲಿ ವಕಾರ, ಕೊನೆಯದರಲ್ಲಿ ಲೋಪ. ಪದದ ಅಂತ್ಯಸ್ವರವೂ, ಕೆಲವೆಡೆ ಲಿಂಗವೂ ತಿಳಿಯದೆ ಇಲ್ಲಿ ಪ್ರತ್ಯಯ ಹತ್ತುವುದಿಲ್ಲ. ಮ್ಯಾಕ್ರೋ ಬರೆದವನ ತಪ್ಪೂ ಈ ಅಚ್ಚನ್ನು ಮಾಡಿದವನ ತಪ್ಪೂ ಒಂದೇ. ಭಾಷೆಯರಿಯದ ಲಿಪಿಕಾರನ ಕೈಗೆ ಸಂಧಿಕಾರ್ಯವನ್ನು ಒಪ್ಪಿಸಿದ ತಪ್ಪು ಅದು.

ಲಿಪಿಯ ಮಟ್ಟದಲ್ಲಿ ಈ ವಿವೇಕ ನಮಗೆ ದೊರೆತಿದೆ. 1991ರಲ್ಲಿ ಹೊರಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತಕ್ಷರವಾಗಿ ಕೂಡಬೇಕೆಂಬುದು ಅಲ್ಲಿಯ ಸಾಮಾನ್ಯ ವಿಧಿ. ರಾಜ್‌ಕುಮಾರ್ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಬಾರದು. ಅದಕ್ಕೆಂದು ಕಣ್ಣಿಗೆ ಕಾಣದ, ಅಗಲವಿಲ್ಲದ, ಕೂಡುವುದನ್ನು ತಡೆಯುವುದೊಂದೇ ಕೆಲಸವಾಗಿರುವ ಗುರುತನ್ನು ನಡುವೆ ಇಡುತ್ತಾರೆ. ಕೂಡಿಸುವ ವಿಧಿಯ ಪಕ್ಕದಲ್ಲಿಯೇ ಕೂಡಿಸದಿರುವ ವಿಧಿಯೂ ಇದೆ. ಪದದ ಮಟ್ಟದಲ್ಲಿ ಇಂಥ ವ್ಯವಸ್ಥೆ ಇನ್ನೂ ಎಲ್ಲೆಡೆ ಬಂದಿಲ್ಲ.

ಪರಿಹಾರಕ್ಕೆ ಎರಡು ದಾರಿಗಳಿವೆ. ಎರಡೂ ಮೇಲಿನ ಚರಿತ್ರೆಯಲ್ಲಿಯೇ ಕಂಡವು. ಮೊದಲನೆಯದು ಅಂಟನ್ನು ತೆಗೆಯುವುದು. ‘ಅಳಿಸಬೇಕಾದ ಕಡತ: ಸೀತೆ’ ಎಂದು ವಾಕ್ಯವನ್ನು ತಿರುಗಿಸಿ ಬರೆದರೆ ಹೆಸರು ಯಾವ ಪ್ರತ್ಯಯವನ್ನೂ ಬೇಡದೆ ಸ್ವತಂತ್ರವಾಗಿ ನಿಲ್ಲುತ್ತದೆ. ಇದಕ್ಕೆ ಬೇಕಾದದ್ದು ಅನುವಾದಕನ ಜಾಣ್ಮೆಯೊಂದೇ. ಎರಡನೆಯದು ಟೆಂಪ್ಲೇಟಿನ ದಾರಿ. ಜೋಡಿಸುವ ಕೆಲಸವನ್ನು ಭಾಷೆ ಬಲ್ಲ ಭಾಗಕ್ಕೆ ಒಪ್ಪಿಸುವುದು. ಅಕಾರಾಂತಕ್ಕೆ ಹೀಗೆ, ಉಕಾರಾಂತಕ್ಕೆ ಹೀಗೆ, ಎಕಾರಾಂತಕ್ಕೆ ಹೀಗೆ ಎಂದು ಕೇಶಿರಾಜನ ವಂಶದವರು ವಿಂಗಡಿಸಿಟ್ಟ ನಿಯಮಗಳನ್ನು ಯಂತ್ರಕ್ಕೆ ಕಲಿಸಬೇಕು. ಆ ಕೆಲಸಕ್ಕೆ ಕಾರ್ಯಕ್ರಮ ಬರೆಯಬಲ್ಲವರು ಬೇಕು. ಸಂಧಿ ಬಲ್ಲವರೂ ಬೇಕು. ಇಬ್ಬರೂ ಒಬ್ಬರೇ ಆದರೆ ಇನ್ನೂ ಒಳಿತು.

ಈ ದೃಷ್ಟಿಯಿಂದ ನೋಡಿದರೆ ಪ್ರೌಢಶಾಲೆಯ ವ್ಯಾಕರಣಪಾಠ ಅಂಕಗಳಿಗಾಗಿ ಸಹಿಸಬೇಕಾದ ಹಿಂಸೆಯಲ್ಲ. ಯಲಹಂಕ, ದೇವನಹಳ್ಳಿಯ ಸುತ್ತಿನ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಗಣಕಯಂತ್ರದ ಕಡೆಗೆ ಹೋಗುವ ಮಕ್ಕಳಿಗೆ ಇಂಗ್ಲಿಷಿನ ಭಯ ಇರುವುದು ಸಹಜ. ಆದರೆ ಆ ಯಂತ್ರದ ಒಳಗಿನ ತತ್ತ್ವ ಅವರಿಗೆ ಅಪರಿಚಿತವಲ್ಲ. ಮರಕ್ಕೆ ಅನ್ನು ಸೇರಿದರೆ ಮರವನ್ನು ಏಕಾಗುತ್ತದೆ, ಮರನ್ನು ಏಕಾಗುವುದಿಲ್ಲ ಎಂದು ಯೋಚಿಸಿ ಉತ್ತರ ಬರೆದ ಹುಡುಗಿ, ಅಂಟಿಸಿದ ತುಂಡು ಸಲ್ಲುವ ಟೋಕನಲ್ಲವೆಂಬ ದೋಷಸಂದೇಶವನ್ನು ಕಂಡಾಗ ಬೆದರಬೇಕಾಗಿಲ್ಲ. ಎಲ್ಲಿ ಕೂಡಿಸಿದೆ, ಕೂಡಿಸಬೇಕಾಗಿತ್ತೆ, ಕೂಡಿ ಬಂದದ್ದು ಪದವೆ, ಯಾವುದನ್ನು ಮೊದಲು ಮಾಡಬೇಕಾಗಿತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ಅವಳು ಹಾಕಿಕೊಂಡರೆ ದೋಷ ತಾನಾಗಿ ಸಿಕ್ಕುತ್ತದೆ. ಆ ಪ್ರಶ್ನೆಗಳನ್ನು ಹಾಕಿಕೊಳ್ಳುವ ಅಭ್ಯಾಸವನ್ನು ಮಾಡಿಸುವುದು ಕನ್ನಡದ ಅಧ್ಯಾಪಕರ ಕೈಯಲ್ಲಿದೆ. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ನಿಯಮದ ಹಿಂದಿನ ಕಾರಣವನ್ನು ತರಗತಿಯಲ್ಲಿ ಚರ್ಚೆಗೆ ತಂದರೆ ಅದರಿಂದ ಕನ್ನಡಕ್ಕೂ ಲಾಭ, ಯಂತ್ರವಿದ್ಯೆಗೂ ಲಾಭ.